ಮಹಾರಾಜರ ಪಿಯಾನೊ

ಇಂಟರ್ನ್‌ಶಿಪ್ ಸಿಗದೆ ಮನೆಯಲ್ಲಿ ಕೂತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಮನೆಯವರು ಕೊಡುವ ಮೊದಲ ಪ್ರಾಜೆಕ್ಟ್ ಯಾವುದು ಗೊತ್ತಾ? ಅಟ್ಟ ಕ್ಲೀನ್ ಮಾಡುವುದು. ಕಳೆದ ದಸರಾ ರಜೆಯಲ್ಲಿ ನನಗೂ ಅದೇ ಬಂತು. ವಿಜಯನಗರದ ನಮ್ಮ ಮನೆಯ ಅಟ್ಟದಲ್ಲಿ ಹಿಡಿ ಮುರಿದ ಕುಕ್ಕರ್, ಗಣೇಶನ ಮಂಟಪ, ಅಪ್ಪನ ಹಳೆಯ ಹೆಲ್ಮೆಟ್ ಎಲ್ಲ ದಾಟಿದ ಮೇಲೆ ಬೆಡ್‌ಶೀಟ್ ಸುತ್ತಿಟ್ಟಿದ್ದ ನನ್ನ ಕೀಬೋರ್ಡ್ ಸಿಕ್ಕಿತು. ಅದನ್ನು ನೋಡಿಯೂ ನೋಡದಂತೆ ಪಕ್ಕಕ್ಕೆ ಸರಿಸಿದೆ. ಹಿಂದೆ ತಾತನ ತಗಡಿನ ಪೆಟ್ಟಿಗೆ ಇತ್ತು.

ತಾತ ಅಂದರೆ ಅಮ್ಮನ ಅಪ್ಪ. ರಾಜಾಜಿನಗರದಲ್ಲಿ, ನವರಂಗ್ ಥಿಯೇಟರಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಅವರದೊಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ಅಂಗಡಿಯ ಹಿಂದಿನ ಕೋಣೆಯೇ ಮನೆ. ನಾನು ಎಂಟನೇ ತರಗತಿಯಲ್ಲಿದ್ದಾಗ ತಾತ ಹೋದರು. ಪೆಟ್ಟಿಗೆಯಲ್ಲಿ ಅವರ ಸೋಲ್ಡರಿಂಗ್ ಐರನ್, ಡಬ್ಬಿಗಳಲ್ಲಿ ವಿಂಗಡಿಸಿಟ್ಟ ರೆಸಿಸ್ಟರ್‌ಗಳು ಮತ್ತು ಒಂದಷ್ಟು ಕ್ಯಾಸೆಟ್‌ಗಳಿದ್ದವು. ಒಂದರ ಮೇಲೆ ನೀಲಿ ಶಾಯಿಯಲ್ಲಿ ‘ಮೈಸೂರು ಮಹಾರಾಜರ ಪಿಯಾನೊ’ ಎಂದು ಬರೆದಿತ್ತು.

ಆ ಕ್ಯಾಸೆಟ್ ನನಗೆ ಚೆನ್ನಾಗಿ ನೆನಪಿದೆ. ಚಿಕ್ಕವನಿದ್ದಾಗ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತಾತ ಅದನ್ನು ಹಾಕುತ್ತಿದ್ದರು. ಮಹಾರಾಜರು ಅರಮನೆಯಲ್ಲಿ ಕೂತು ಬಾರಿಸಿದ್ದು ಕಣೋ ಎಂದು ಅವರು ಹೇಳಿದ್ದನ್ನು ನಂಬಿ, ಕಿರೀಟ ಇಟ್ಟುಕೊಂಡೇ ಪಿಯಾನೊ ಬಾರಿಸುವ ರಾಜನನ್ನು ಕಲ್ಪಿಸಿಕೊಳ್ಳುತ್ತಿದ್ದೆ. ನಾನು ಕೀಬೋರ್ಡ್ ಕ್ಲಾಸಿಗೆ ಸೇರಲು ಆ ಕ್ಯಾಸೆಟ್ಟೇ ಕಾರಣ. ಟ್ರಿನಿಟಿ ಪರೀಕ್ಷೆಯಲ್ಲಿ ಮೂರನೇ ಗ್ರೇಡ್‌ವರೆಗೆ ಹೋದೆ. ಆಮೇಲೆ ಪಿಯುಸಿ, ಸಿಇಟಿ, ಕೋಚಿಂಗ್. ಮುಂದಿನದು ನಿಮಗೇ ಗೊತ್ತು. ಬಹುಶಃ ನಿಮ್ಮ ಮನೆಯ ಅಟ್ಟದಲ್ಲೂ ಒಂದು ಕೀಬೋರ್ಡೋ, ಕ್ರಿಕೆಟ್ ಕಿಟ್ಟೋ, ಭರತನಾಟ್ಯದ ಗೆಜ್ಜೆಯೋ ಇರುತ್ತದೆ.

ಕ್ಯಾಸೆಟ್ ಪ್ಲೇಯರಿನ ಬೆಲ್ಟ್ ಕರಗಿ ಅಂಟಾಗಿತ್ತು. ಹೊಸದು ತರಲು ಎಸ್.ಪಿ. ರೋಡಿಗೆ ಹೋದೆ. ವಾಪಸ್ ಬರುವಾಗ ಜೆ.ಸಿ. ರಸ್ತೆಯಲ್ಲಿ ಟ್ರಾಫಿಕ್‌ನಲ್ಲಿ ನಿಂತಿದ್ದಾಗ ಹೊಳೆಯಿತು: ತಾತ ಹೇಳುತ್ತಿದ್ದ ಮಹಾರಾಜರು ಇದೇ ಜೆ.ಸಿ. ಇರಬೇಕಲ್ಲವೇ? ಜಯಚಾಮರಾಜೇಂದ್ರ. ಮೈಸೂರಿನ ಎಸ್‌ಜೆಸಿಇ, ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್ ಎಲ್ಲದರಲ್ಲೂ ಇರುವ ‘ಜೆ’ ಅವರೇ. ಕಾಲೇಜು, ರಸ್ತೆ, ಆಸ್ಪತ್ರೆಗಳಲ್ಲಿ ದಿನಕ್ಕೆ ನೂರು ಸಲ ನಾವು ಅವರ ಹೆಸರು ಹೇಳುತ್ತೇವೆ. ಆ ಮನುಷ್ಯ ಯಾರು ಎಂದು ನಾನಂತೂ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಜಯಚಾಮರಾಜೇಂದ್ರ ಒಡೆಯರ್ ಹುಟ್ಟಿದ್ದು ಜುಲೈ 18, 1919ರಂದು. ಆಗ ಮೈಸೂರನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಅವರಿಗೆ ಮಕ್ಕಳಿರಲಿಲ್ಲ. ಅವರ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಒಬ್ಬನೇ ಮಗ ಜಯಚಾಮರಾಜೇಂದ್ರ. ಅಂದರೆ ದೊಡ್ಡಪ್ಪನ ನಂತರ ಅಪ್ಪ, ಅಪ್ಪನ ನಂತರ ಮಗ. ಸರದಿ ಬರಲು ಇನ್ನೂ ಎಷ್ಟೋ ವರ್ಷ ಇದೆ ಎಂದು ಯಾರಾದರೂ ಅಂದುಕೊಳ್ಳುವಂಥ ಲೆಕ್ಕ.

ಅರಮನೆಯಲ್ಲಿ ಸಂಗೀತಕ್ಕೆ ಬರವಿರಲಿಲ್ಲ. ದೊಡ್ಡಪ್ಪ ಸ್ವತಃ ಹಲವು ವಾದ್ಯ ನುಡಿಸುತ್ತಿದ್ದರು. ಒಂದು ಕಡೆ ವೀಣೆ, ಪಿಟೀಲು, ಗಾಯನದ ಆಸ್ಥಾನ ವಿದ್ವಾಂಸರು, ಇನ್ನೊಂದು ಕಡೆ ಪಾಶ್ಚಾತ್ಯ ವಾದ್ಯಗಳ ಬ್ಯಾಂಡ್. ಈ ಹುಡುಗನ ಮನಸ್ಸು ಹೋಗಿದ್ದು ಪಿಯಾನೊ ಕಡೆಗೆ. ಅವರ ತಂಗಿ ವಿಜಯಾದೇವಿಯವರೂ ಪಿಯಾನೊ ಕಲಿತರು. ಮುಂದೆ ನ್ಯೂಯಾರ್ಕ್‌ನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಓದಿ, ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಕಟ್ಟಿದವರು ಅವರೇ.

ಅಣ್ಣ ಓದಿನಲ್ಲೂ ಹಿಂದೆ ಬೀಳಲಿಲ್ಲ. 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಪದವಿ ಪಡೆದರು, ಪದಕಗಳನ್ನೂ ಗೆದ್ದರು. 1939ರಲ್ಲಿ ಯುರೋಪ್ ಪ್ರವಾಸ ಮಾಡಿ ಲಂಡನ್ನಿನ ಕಲಾವಿದರ, ವಿದ್ವಾಂಸರ ಪರಿಚಯ ಮಾಡಿಕೊಂಡರು. ಕಛೇರಿ ಕೊಡುವ ಪಿಯಾನೊ ವಾದಕನಾಗಬೇಕು ಎಂಬುದು ಆಗ ಅವರ ಆಸೆ. ಹವ್ಯಾಸಕ್ಕೆ ನುಡಿಸುವುದಲ್ಲ, ವೇದಿಕೆಯ ಮೇಲೆ, ಟಿಕೆಟ್ ಕೊಂಡು ಬಂದ ಜನರ ಮುಂದೆ ನುಡಿಸುವುದು. ಆಗ ಅವರಿಗೆ ಇಪ್ಪತ್ತು. ಈ ಸಾಲು ಬರೆಯುತ್ತಿರುವ ನನಗೂ ಇಪ್ಪತ್ತೇ.

1940ರ ಮಾರ್ಚ್‌ನಲ್ಲಿ ಅಪ್ಪ ತೀರಿಕೊಂಡರು. ಆಗಸ್ಟ್‌ನಲ್ಲಿ ದೊಡ್ಡಪ್ಪನೂ ಹೋದರು. ಐದೇ ತಿಂಗಳಲ್ಲಿ ಎರಡು ಸಾವು. ಸೆಪ್ಟೆಂಬರ್ 8, 1940ರಂದು ಇಪ್ಪತ್ತೊಂದು ವರ್ಷದ ಹುಡುಗ ಮೈಸೂರಿನ ಸಿಂಹಾಸನದ ಮೇಲೆ ಕೂತಿದ್ದ. ಯುರೋಪಿನಲ್ಲಿ ಆಗ ಮಹಾಯುದ್ಧ ನಡೆಯುತ್ತಿತ್ತು. ಪಿಯಾನೊ ವಾದಕನಾಗುವ ಕನಸು ಅಲ್ಲಿಗೆ ಮುಗಿಯಿತು.

ಇಲ್ಲಿಯವರೆಗೆ ಓದಿದಾಗ ನನಗೆ ಸ್ವಲ್ಪ ಸಮಾಧಾನವೇ ಆಯಿತು, ಸುಳ್ಳು ಹೇಳುವುದಿಲ್ಲ. ರಾಜನಿಗೇ ಆಗಲಿಲ್ಲ, ಇನ್ನು ನನಗೇನು ಅಂತ. ಆದರೆ ಕಥೆ ಅಲ್ಲಿ ನಿಲ್ಲಲಿಲ್ಲ. ಸಿಂಹಾಸನ ಏರಿದ ಮೇಲೂ ಆ ಮನುಷ್ಯ ಪಿಯಾನೊದ ಅಭ್ಯಾಸ ಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. 1945ರಲ್ಲಿ ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್ ಅವರಿಗೆ ಗೌರವ ಫೆಲೋಶಿಪ್ ಕೊಟ್ಟಿತು. ಹೌದು, ನಾನು ಮೂರನೇ ಗ್ರೇಡ್‌ನಲ್ಲಿ ಬಿಟ್ಟು ಓಡಿಬಂದ ಅದೇ ಟ್ರಿನಿಟಿ.

ಈಗ ಕ್ಯಾಸೆಟ್ ವಿಷಯಕ್ಕೆ ಬರುತ್ತೇನೆ. ಬೆಲ್ಟ್ ಬದಲಾಯಿಸಿ, ಹೆಡ್ ಒರೆಸಿ, ಪ್ಲೇಯರಿನಿಂದ ಲ್ಯಾಪ್‌ಟಾಪ್‌ಗೆ ವೈರ್ ಎಳೆದು ಇಡೀ ಒಂದು ಮಗ್ಗುಲನ್ನು ರೆಕಾರ್ಡ್ ಮಾಡಿಕೊಂಡೆ. ಹೆಡ್‌ಫೋನ್ ಹಾಕಿ ಕೇಳಿದರೆ ಪಿಯಾನೊಗಿಂತ ಗಲಾಟೆಯೇ ಹೆಚ್ಚು. ಕ್ಯಾಸೆಟ್ಟಿನ ಹಿಸ್, ಅದರ ಕೆಳಗೆ ಗ್ರಾಮಫೋನ್ ತಟ್ಟೆಯ ಕರಕರ, ನಾಲ್ಕೈದು ನಿಮಿಷಕ್ಕೊಮ್ಮೆ ಸಂಗೀತ ನಿಂತು ಮುಳ್ಳು ಎತ್ತಿಡುವ ಟಕ್ ಶಬ್ದ. ನಡುವೆ ರಸ್ತೆಯಲ್ಲಿ ಹೋಗುವ ಸ್ಕೂಟರ್, ಲೋಟ ಇಟ್ಟ ಸದ್ದು. ತಾತ ವೈರ್ ಹಾಕಿ ರೆಕಾರ್ಡ್ ಮಾಡಿರಲಿಲ್ಲ, ಸ್ಪೀಕರ್ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಗುಂಡಿ ಒತ್ತಿದ್ದರು ಅಷ್ಟೆ. ರೇಡಿಯೊ ರಿಪೇರಿ ಮಾಡುವವರು ಹೀಗ್ಯಾಕೆ ಮಾಡಿದರು ಎಂದು ಅಜ್ಜಿಯನ್ನು ಕೇಳಿದೆ. ಊರವರ ಸೆಟ್ ಎಲ್ಲ ಸರಿ ಮಾಡುತ್ತಿದ್ದರು, ಮನೆಯ ಟೇಪ್‌ರೆಕಾರ್ಡರಿನ ಸಾಕೆಟ್ ಮಾತ್ರ ಸರಿ ಮಾಡಲು ಅವರಿಗೆ ಪುರಸೊತ್ತೇ ಸಿಗಲಿಲ್ಲ ಎಂದಳು. 1984ರ ಸುಮಾರಿಗೆ ಬಸವೇಶ್ವರನಗರದಿಂದ ಒಬ್ಬ ಹಿರಿಯರು ಪ್ಲೇಯರ್ ರಿಪೇರಿಗೆಂದು ತಂದಿದ್ದರಂತೆ, ಪರೀಕ್ಷಿಸಿ ನೋಡಲು ಜೊತೆಗೆ ತಟ್ಟೆಗಳನ್ನೂ ಕೊಟ್ಟು ಹೋಗಿದ್ದರಂತೆ. ಅವರು ವಾಪಸ್ ಬರುವ ಹಿಂದಿನ ದಿನ ತಾತ ಅವಸರದಲ್ಲಿ ಟೇಪ್ ಮಾಡಿಕೊಂಡದ್ದು ಇದು.

ನಮಗೆ ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ಒಂದು ಮಿನಿ ಪ್ರಾಜೆಕ್ಟ್ ಇತ್ತು. ಇದನ್ನೇ ತೆಗೆದುಕೊಂಡೆ. ತತ್ವ ಸುಲಭ. ಸಂಗೀತ ಇಲ್ಲದ ಜಾಗದಲ್ಲಿ ಬರೀ ಗಲಾಟೆಯ ಸ್ಯಾಂಪಲ್ ತೆಗೆದುಕೊಂಡು, ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಗಲಾಟೆ ಇದೆ ಎಂದು ಲೆಕ್ಕ ಹಾಕಿ, ಅಷ್ಟನ್ನು ಇಡೀ ರೆಕಾರ್ಡಿಂಗಿನಿಂದ ಕಳೆಯಬೇಕು. ಎರಡು ವಾರ ಹೆಣಗಾಡಿದ ಮೇಲೆ ಪಿಯಾನೊ ಮತ್ತು ಹಿಂದಿನ ಆರ್ಕೆಸ್ಟ್ರಾ ಚೆನ್ನಾಗಿಯೇ ಹೊರಬಂತು. ಆಗ ಹಾಡು ಗುರುತಿಸುವ ಆ್ಯಪ್‌ಗೆ ಕೇಳಿಸಿದೆ. ಅದುವರೆಗೆ ಕೈಚೆಲ್ಲುತ್ತಿದ್ದ ಆ್ಯಪ್ ಈ ಸಲ ಉತ್ತರ ಕೊಟ್ಟಿತು: ಮೆಟ್ನರ್, ಮೂರನೇ ಪಿಯಾನೊ ಕಾನ್ಸರ್ಟೊ. ನುಡಿಸಿದವರು ಸ್ವತಃ ನಿಕೊಲಾಯ್ ಮೆಟ್ನರ್, 1947.

ಮಹಾರಾಜರಲ್ಲ! ಯಾರೋ ರಷ್ಯನ್. ತಾತನ ಮೇಲೆ ಸಿಟ್ಟು ಬಂತೋ, ಪಾಪ ಅನ್ನಿಸಿತೋ ಈಗ ನೆನಪಿಲ್ಲ.

ಈ ಮೆಟ್ನರ್ ಮಾಸ್ಕೋದಲ್ಲಿ 1880ರಲ್ಲಿ ಹುಟ್ಟಿದವರು. ಪ್ರಸಿದ್ಧ ಸಂಗೀತಗಾರ ರಖ್ಮಾನಿನೊಫ್ ಅವರ ಗೆಳೆಯ. ಗೆಳೆತನ ಎಷ್ಟೆಂದರೆ ಇವರು ತಮ್ಮ ಎರಡನೇ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದರೆ, ಅವರು ತಮ್ಮ ನಾಲ್ಕನೆಯದನ್ನು ಇವರಿಗೆ ಅರ್ಪಿಸಿದರು. ರಷ್ಯನ್ ಕ್ರಾಂತಿಯ ಬಳಿಕ, 1921ರಲ್ಲಿ ಮೆಟ್ನರ್ ದೇಶ ಬಿಟ್ಟರು. ಅಲ್ಲಿಲ್ಲಿ ಸುತ್ತಿ ಕೊನೆಗೆ ಲಂಡನ್ ಸೇರಿದರು. ಕಾಲದ ಫ್ಯಾಷನ್ನಿಗೆ ತಕ್ಕಂತೆ ಬರೆಯುವುದು ಅವರಿಗೆ ಒಗ್ಗಲಿಲ್ಲ. ಹೊಸ ಸಂಗೀತವನ್ನು ಟೀಕಿಸಿ ಪುಸ್ತಕವನ್ನೇ ಬರೆದರು. ಅಂಥವರಿಗೆ ಕಛೇರಿಗಳು ಎಲ್ಲಿಂದ ಸಿಗಬೇಕು? ಎರಡನೇ ಮಹಾಯುದ್ಧ ಶುರುವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ದುಡ್ಡೂ ನಿಂತಿತು. ಅದರ ಮೇಲೆ ಹೃದ್ರೋಗ. ತಮ್ಮ ಶಿಷ್ಯೆಯೊಬ್ಬರ ಮನೆಯಲ್ಲಿ ಆಶ್ರಯ ಪಡೆದಿದ್ದ ಆ ವರ್ಷಗಳಲ್ಲಿ ಮೂರನೇ ಕಾನ್ಸರ್ಟೊ ಬರೆದು ಮುಗಿಸಿದರು. 1944ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವರೇ ನುಡಿಸಿದರು. ಆದರೆ ಅವರ ಕೃತಿಗಳ ರೆಕಾರ್ಡ್ ಮಾಡಲು ಕಂಪನಿಗಳಿಗೆ ಆಸಕ್ತಿ ಇರಲಿಲ್ಲ. ಮಾರಾಟವಾಗದ ಸರಕು.

ಸಾವಿರಾರು ಮೈಲಿ ದೂರದ ಮೈಸೂರಿನಲ್ಲಿ ಈ ಮಾರಾಟವಾಗದ ಸಂಗೀತ ಒಬ್ಬರಿಗೆ ಬಹಳ ಇಷ್ಟವಾಗಿತ್ತು. ಜಯಚಾಮರಾಜೇಂದ್ರ ಒಡೆಯರ್ ಅವರ ಗ್ರಾಮಫೋನ್ ತಟ್ಟೆಗಳ ಸಂಗ್ರಹ ಆ ಕಾಲದ ಅಂದಾಜಿನಲ್ಲಿ ಸುಮಾರು 20 ಸಾವಿರ. ಹೆಸರಾದವರ ತಟ್ಟೆಗಳು ಹೇಗೂ ಸಿಗುತ್ತಿದ್ದವು, ಸಿಗದವುಗಳ ಮೇಲೆಯೇ ಅವರ ಕಣ್ಣು. ಎಚ್‌ಎಂವಿ ಕಂಪನಿಯ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯಾ ಎಂಬ ಆರ್ಕೆಸ್ಟ್ರಾ ಕಟ್ಟಿದ್ದರು. ಆ ಲೆಗ್ ಮೈಸೂರಿಗೆ ಬಂದರು, ಅರಮನೆಯಲ್ಲಿ ಕೆಲವು ವಾರ ಉಳಿದರು. ತಟ್ಟೆಗಳ ಲೈಬ್ರರಿ, ಬಗೆಬಗೆಯ ಸ್ಪೀಕರುಗಳು, ಹಲವು ದೊಡ್ಡ ಪಿಯಾನೊಗಳು, ಇನ್ನೂ ಮೂವತ್ತಾಗದ ಮಹಾರಾಜ ಇವನ್ನೆಲ್ಲ ಕಂಡು ಬೆರಗಾದರು. ಹೊರಡುವ ಹೊತ್ತಿಗೆ ಮಾತುಕತೆ ಮುಗಿದಿತ್ತು: ಮೆಟ್ನರ್ ಅವರ ಪಿಯಾನೊ ಕಾನ್ಸರ್ಟೊಗಳು, ಹಾಡುಗಳು, ಕೆಲವು ಚೇಂಬರ್ ಕೃತಿಗಳು ಇವುಗಳ ರೆಕಾರ್ಡಿಂಗ್ ಖರ್ಚು ಮಹಾರಾಜರದು. ಅದಲ್ಲದೆ ಆರ್ಕೆಸ್ಟ್ರಾ ನೆಲೆಯೂರಲು ಮೂರು ವರ್ಷ, ವರ್ಷಕ್ಕೆ 10 ಸಾವಿರ ಪೌಂಡ್.

ಆಗಿನ ದರದಲ್ಲಿ ಪೌಂಡಿಗೆ ಸುಮಾರು ಹದಿಮೂರೂವರೆ ರೂಪಾಯಿ ಹಿಡಿದರೆ, ವರ್ಷಕ್ಕೆ ಹತ್ತಿರ ಹತ್ತಿರ 1 ಲಕ್ಷ 35 ಸಾವಿರ ರೂಪಾಯಿ. 1940ರ ದಶಕದಲ್ಲಿ! ಮಹಾರಾಜರನ್ನು ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರನ್ನಾಗಿ ಮಾಡಿದರು. ಮೆಟ್ನರ್ ಸೊಸೈಟಿ ಹುಟ್ಟಿತು. ಕಾಯಿಲೆಯ ಮೆಟ್ನರ್ ಸ್ಟುಡಿಯೊಗೆ ಬಂದು ತಮ್ಮ ಮೂರೂ ಕಾನ್ಸರ್ಟೊಗಳನ್ನು ತಾವೇ ನುಡಿಸಿದರು. ಅವರ ಹಾಡುಗಳನ್ನು ಎಲಿಸಬೆತ್ ಶ್ವಾರ್ಟ್ಸ್‌ಕಾಫ್‌ರಂಥ ಗಾಯಕಿ ಹಾಡಿದರು, ಪಿಯಾನೊಗೆ ಕೂತವರು ಮೆಟ್ನರ್. 1951ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ನಾಲ್ಕೈದು ವರ್ಷ ತಡವಾಗಿದ್ದರೆ ಆ ಬೆರಳುಗಳು ತಮ್ಮ ಕಾನ್ಸರ್ಟೊಗಳನ್ನು ಹೇಗೆ ನುಡಿಸುತ್ತಿದ್ದವು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಮೂರನೇ ಕಾನ್ಸರ್ಟೊವನ್ನು ಮೆಟ್ನರ್ ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ.

ತಾತನ ಕ್ಯಾಸೆಟ್ಟಿನಲ್ಲಿದ್ದದ್ದು ಅದೇ ಮೂರನೆಯದು. ತಟ್ಟೆಯ ಆಲ್ಬಮ್ಮಿನ ಮೇಲೆ ಮೈಸೂರಿನ ಹೆಸರು ನೋಡಿ ಮಹಾರಾಜರೇ ಬಾರಿಸಿದ್ದು ಎಂದುಕೊಂಡಿರಬೇಕು. ರಷ್ಯನ್ ಕವಿ ಲೆರ್ಮಂತೊವ್ ಅವರ ಮತ್ಸ್ಯಕನ್ಯೆಯ ಪದ್ಯವೊಂದು ಈ ಕೃತಿಗೆ ಪ್ರೇರಣೆ. ಮೂರು ಭಾಗಗಳು ನಿಲ್ಲದೆ ಒಂದರೊಳಗೊಂದು ಹರಿಯಬೇಕು. ಆದರೆ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷ. ಹೀಗಾಗಿ ಅರ್ಧ ಗಂಟೆ ಮೀರುವ ಕೃತಿಯನ್ನು ತುಂಡು ತುಂಡು ಮಾಡಿ ನುಡಿಸಬೇಕು, ಕೇಳುವವರು ಎದ್ದೆದ್ದು ತಟ್ಟೆ ತಿರುವಬೇಕು. ವಿಜಯನಗರದಿಂದ ಕೆಂಗೇರಿಗೆ ಮೆಟ್ರೊದಲ್ಲಿ ಕಾಲೇಜಿಗೆ ಹೋಗುವಾಗ ನಾನು ಈಗ ಅದನ್ನೇ ಕೇಳುತ್ತೇನೆ. ಜ್ಞಾನಭಾರತಿ ದಾಟಿದರೂ ಮುಗಿಯುವುದಿಲ್ಲ, ಕೆಂಗೇರಿಯಲ್ಲಿ ಇಳಿದು ಮೆಟ್ಟಿಲ ಮೇಲೂ ಇನ್ನೂ ನಡೆಯುತ್ತಿರುತ್ತದೆ. ಮೊದಲ ಸಲಕ್ಕೆ ಹಿಡಿಯುವ ಸಂಗೀತವಲ್ಲ, ಮೊದಲೇ ಹೇಳಿಬಿಡುತ್ತೇನೆ. ಐದಾರು ಸಲ ಕೇಳಬೇಕು.

ಅವರ ಕಾಣಿಕೆ ಮೆಟ್ನರ್ ಒಬ್ಬರಿಗೇ ನಿಲ್ಲಲಿಲ್ಲ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚೆ ಬರೆದ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದು ಮೇ 22, 1950ರಂದು ಲಂಡನ್ನಿನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಆರ್ಕೆಸ್ಟ್ರಾ ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಛೇರಿಗೆ 4,800 ಡಾಲರ್ ಖಾತರಿ ಕೊಟ್ಟದ್ದು ಮೈಸೂರಿನ ಮಹಾರಾಜರು. ಲಂಡನ್ನಿಗೆ ಹೋಗಲು ಅವರಿಗೆ ಆಗಲಿಲ್ಲ. ಅದನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸುವ ಏರ್ಪಾಡಾಗಿತ್ತು. ಕಛೇರಿ ಕೊಡುವವನಾಗಬೇಕೆಂದಿದ್ದವರು ಕಛೇರಿಯೊಂದರ ಪೆಟ್ಟಿಗೆ ಬರುವುದನ್ನು ಅರಮನೆಯಲ್ಲಿ ಕಾಯುವ ಚಿತ್ರವೇ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಇಷ್ಟು ಬರೆದು ಹಾಸ್ಟೆಲ್‌ನಲ್ಲಿರುವ ಗೆಳೆಯನಿಗೆ ತೋರಿಸಿದೆ. ಚಿಕ್ಕಮಗಳೂರು ಕಡೆಯವನು, ಮುಖಸ್ತುತಿ ಮಾಡುವವನಲ್ಲ. ಆ ದುಡ್ಡು ಯಾರದು ಎಂದು ಕೇಳಿದ. ರೈತರ ಕಂದಾಯದಿಂದ ಬಂದ ದುಡ್ಡಿನಲ್ಲಿ ಲಂಡನ್ ಆರ್ಕೆಸ್ಟ್ರಾಗೆ ಸಂಬಳ ಯಾಕೆ ಎಂದ. ನನ್ನ ಹತ್ತಿರ ಥಟ್ಟನೆ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ.

1947ನೇ ಇಸವಿಯನ್ನೇ ನೋಡಿ. ಲಂಡನ್ನಿನಲ್ಲಿ ಮೆಟ್ನರ್ ರೆಕಾರ್ಡಿಂಗ್ ನಡೆಯುತ್ತಿತ್ತು. ಆಗಸ್ಟ್‌ನಲ್ಲಿ ಮಹಾರಾಜರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ಆದರೆ ಜನರ ಕೈಗೆ ಆಡಳಿತ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ಕಾಲೇಜು ಬಿಟ್ಟು ವಿದ್ಯಾರ್ಥಿಗಳು ಬೀದಿಗಿಳಿದರು, ಜೈಲುಗಳು ತುಂಬಿದವು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಇವತ್ತಿನ ರಾಮಸ್ವಾಮಿ ವೃತ್ತ ಅವನ ಹೆಸರಿನದು. ಅಕ್ಟೋಬರ್‌ನಲ್ಲಿ ಮಹಾರಾಜರು ಒಪ್ಪಿದರು, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಮಹಾರಾಜರಿಗೆ ಆಗ ಇಪ್ಪತ್ತೆಂಟು. ಮೆಟ್ನರ್‌ನನ್ನು ಉಳಿಸಿದ ಕೈಗಳ ಹೆಸರಿನಲ್ಲೇ ಆ ಗುಂಡೂ ಹಾರಿತ್ತು. ಎರಡನ್ನೂ ಒಟ್ಟಿಗೆ ಬರೆಯದೆ ಇವರ ಕಥೆ ಬರೆಯುವುದು ನನಗೆ ಸರಿಕಾಣಲಿಲ್ಲ. ಗೆಳೆಯನಿಗೆ ಹೇಳಿದ್ದು ಇಷ್ಟೇ: ಆ ಕಾಲದ ಎಷ್ಟೋ ರಾಜರು ಕುದುರೆ, ಕಾರು, ವಜ್ರಕ್ಕೆ ಸುರಿದ ದುಡ್ಡಿನ ಗುರುತೇ ಇಲ್ಲ. ಇದರ ಗುರುತು ಮಾತ್ರ ನನ್ನ ಫೋನಿನಲ್ಲಿದೆ. ಅವನಿಗೆ ಅರ್ಧ ಒಪ್ಪಿಗೆಯಾಯಿತು. ನನಗೂ ಅರ್ಧವೇ.

ಅದೇ ವರ್ಷಗಳಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಪಾಶ್ಚಾತ್ಯ ಸಂಗೀತದಲ್ಲೇ ಮುಳುಗಿದ್ದ ಮಹಾರಾಜರು ಕರ್ನಾಟಕ ಸಂಗೀತದ ಕಡೆ ತಿರುಗಿದರು. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಮೈಸೂರು ವಾಸುದೇವಾಚಾರ್ಯರು, ಪಿಟೀಲು ಚೌಡಯ್ಯನವರು ಇದ್ದ ಆಸ್ಥಾನ ಅದು. ಶ್ರೀವಿದ್ಯಾ ಉಪಾಸನೆಗೆ ಇಳಿದ ಮಹಾರಾಜರು ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ ಸಂಸ್ಕೃತದಲ್ಲಿ ಕೃತಿಗಳನ್ನು ರಚಿಸತೊಡಗಿದರು. ಒಟ್ಟು 94. ಎಲ್ಲರೂ ಹಾಡುವ ರಾಗಗಳ ಜೊತೆಗೆ ದುರ್ವಾಂಕಿಯಂಥ ಅಪರೂಪದ ರಾಗಗಳನ್ನೂ ಹುಡುಕಿಕೊಂಡು ಹೋದರು. ಇಲ್ಲೂ ಅದೇ ಚಾಳಿ, ನೋಡಿ: ಯಾರೂ ಕೇಳದ್ದರ ಮೇಲೆ ಪ್ರೀತಿ. ಅಠಾಣ ರಾಗದ ‘ಶ್ರೀ ಮಹಾಗಣಪತಿಂ ಭಜೇಹಂ’ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಗಣೇಶನ ಹಬ್ಬದಲ್ಲಿ ಬಸವೇಶ್ವರನಗರದ ಪೆಂಡಾಲ್ ಒಂದರಲ್ಲಿ ಯಾರೋ ಹಾಡಿದ್ದನ್ನು ನಾನೂ ಕೇಳಿದ್ದೆ. ರಚಿಸಿದವರು ಯಾರು ಎಂದು ಗೊತ್ತಾಗಿದ್ದು ಈಗ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಬಾಯಿಪಾಠವೇ ಇರುತ್ತದೆ. 1950ರಿಂದ 1956ರವರೆಗೆ ಮೈಸೂರಿನ ರಾಜಪ್ರಮುಖರು, ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ 1964ರವರೆಗೆ ರಾಜ್ಯಪಾಲರು, ಆಮೇಲೆ 1966ರವರೆಗೆ ಮದ್ರಾಸಿನ ರಾಜ್ಯಪಾಲರು. ವೇದಾಂತದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಋಗ್ವೇದವನ್ನು ಕನ್ನಡ ಅನುವಾದದೊಂದಿಗೆ ಸಂಪುಟಗಳಲ್ಲಿ ಹೊರತಂದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಬಂತು. ವರ್ಷಕ್ಕೆ 26 ಲಕ್ಷವಿದ್ದ ರಾಜಧನ 1971ರಲ್ಲಿ ರದ್ದಾಯಿತು. ಸೆಪ್ಟೆಂಬರ್ 23, 1974ರಂದು ಬೆಂಗಳೂರಿನ ಅರಮನೆಯಲ್ಲಿ ತೀರಿಕೊಂಡರು. ವಯಸ್ಸು ಐವತ್ತೈದು ಅಷ್ಟೆ. ನಾವು ಎಕ್ಸಿಬಿಷನ್ನು, ಲೈವ್ ಕನ್ಸರ್ಟು ಎಂದು ಗೇಟಿನಲ್ಲಿ ಕ್ಯೂ ನಿಲ್ಲುವ ಅದೇ ಅರಮನೆ.

ನನ್ನ ಮಿನಿ ಪ್ರಾಜೆಕ್ಟ್‌ಗೆ ಒಳ್ಳೆಯ ಅಂಕ ಬಂತು. ಗಲಾಟೆ ತೆಗೆದ ರೆಕಾರ್ಡಿಂಗ್ ಅನ್ನು ಅಜ್ಜಿಗೆ ಕೇಳಿಸಬೇಕೆಂದು ಒಂದು ಭಾನುವಾರ ಊಟವಾದ ಮೇಲೆ ಸ್ಪೀಕರ್‌ಗೆ ಹಾಕಿದೆ. ಮಹಾರಾಜರಲ್ಲ ಅಜ್ಜಿ, ಮೆಟ್ನರ್ ಅಂತ ಒಬ್ಬರು, ದುಡ್ಡು ಮಾತ್ರ ಮಹಾರಾಜರದು ಎಂದು ಪೂರ್ತಿ ಕಥೆ ಹೇಳಿದೆ. ಅಜ್ಜಿ ಎಲ್ಲ ಕೇಳಿ, ಮದುವೆ ಮಾಡಿಸಿದವರ ಹೆಸರಲ್ಲೇ ತಾನೇ ಲಗ್ನಪತ್ರಿಕೆ ಅಚ್ಚಾಗುವುದು, ನಿಮ್ಮ ತಾತ ಬರೆದದ್ದರಲ್ಲಿ ತಪ್ಪೇನಿಲ್ಲ ಎಂದಳು. ಆಮೇಲೆ ಸುಮ್ಮನೆ ಕೂತು ಕೇಳಿದಳು. ಅರ್ಧಕ್ಕೇ, ಇದರಲ್ಲಿ ಅಂಗಡಿ ಎಲ್ಲಿ ಹೋಯಿತು ಎಂದು ಕೇಳಿದಳು.

ನನಗೆ ಅರ್ಥವಾಗಲಿಲ್ಲ. ಹಳೆಯದನ್ನೇ ಹಾಕು ಎಂದಳು. ಗಲಾಟೆ ತುಂಬಿದ ಮೂಲ ಫೈಲನ್ನು ಹಾಕಿದೆ. ಹನ್ನೊಂದನೇ ನಿಮಿಷದ ಹತ್ತಿರ, ತಟ್ಟೆ ಬದಲಿಸುವ ವಿರಾಮದಲ್ಲಿ ಅಜ್ಜಿ ಕೈ ಎತ್ತಿದಳು. ಕುರ್ಚಿ ಎಳೆದ ಸದ್ದು, ತಾತನ ಕೆಮ್ಮು. ಅವುಗಳ ಹಿಂದೆ, ಒಳಗಿನ ಕೋಣೆಯಿಂದ ಊಟಕ್ಕೆ ಬಾ ಎಂದು ಅಪ್ಪನನ್ನು ಕೂಗುವ ಚಿಕ್ಕ ಹುಡುಗಿಯ ದನಿ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಮ್ಮ ನಲ್ಲಿ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು. ಅದು ಅವಳದೇ ದನಿ.

ನಾನು ಗಲಾಟೆಯ ಸ್ಯಾಂಪಲ್ ಅಂತ ಆರಿಸಿಕೊಂಡಿದ್ದು ಸರಿಯಾಗಿ ಆ ವಿರಾಮವನ್ನೇ. ಸಂಗೀತ ಇಲ್ಲದ ಜಾಗ ಎಂದು. ಹೊಸ ಫೈಲಿನಲ್ಲಿ ಆ ಹನ್ನೆರಡು ಸೆಕೆಂಡು ಪೂರ್ತಿ ನಿಶ್ಶಬ್ದ. ಎರಡು ತುಂಡುಗಳು ಚೆನ್ನಾಗಿ ಸೇರಿಕೊಳ್ಳಲಿ ಎಂದು ಅದನ್ನೂ ಕತ್ತರಿಸಿ ತೆಗೆದಿದ್ದೆ.

ಈಗ ಎರಡೂ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೇನೆ. ಅಜ್ಜಿಯ ಫೋನಿನಲ್ಲಿ ಇರುವುದು ಗಲಾಟೆಯದು. ನನ್ನ ಫೋನಿನಲ್ಲಿ ಎರಡೂ ಇವೆ, ಬೆಳಗಿನ ಮೆಟ್ರೊದಲ್ಲಿ ಯಾವುದು ಬೇಕೋ ಅದು. ಕೀಬೋರ್ಡನ್ನು ಅಟ್ಟದಿಂದ ಇಳಿಸಿ ಮಂಚದ ಕೆಳಗೆ ಇಟ್ಟಿದ್ದೇನೆ. ಅಡಾಪ್ಟರ್ ಹಾಳಾಗಿದೆ. ಸೆಮಿಸ್ಟರ್ ಪರೀಕ್ಷೆ ಮುಗಿದ ಮಾರನೇ ದಿನ ಮತ್ತೆ ಎಸ್.ಪಿ. ರೋಡಿಗೆ ಹೋಗಬೇಕು.